ಚಿದಾನಂದ ಮಾವನ ಕೋಣೆಯ ಬಿರುಕು

ಒಂದು ಚಳಿದೇಶದಲ್ಲಿ ಒಂದು ಕಲ್ಲಿನ ಮನೆ ಇತ್ತಂತೆ. ಆ ಮನೆಯಲ್ಲಿ ಗಂಡ, ಹೆಂಡತಿ, ಗಂಡನ ಸೋದರಮಾವ ಮತ್ತು ಒಂದು ಬಿರುಕು ಒಟ್ಟಿಗೇ ವಾಸವಾಗಿದ್ದವಂತೆ. ಈ ನಾಲ್ಕರಲ್ಲಿ ಎರಡು ದಿನದಿನಕ್ಕೆ ಬೆಳೆಯುತ್ತಿದ್ದವಂತೆ. ಒಂದು ಬಿರುಕು, ಇನ್ನೊಂದು ಮಾವನ ಹೊಟ್ಟೆ.

ಊರು ರಾನ್‌ಫರ್ಲಿ. ಹೆಂಡತಿಯ ಹೆಸರು ಮಾನ್ಯ. ಅವತ್ತು ಬೆಳಿಗ್ಗೆ ಅವಳು ನಿಂಬೆ ಉಪ್ಪಿನಕಾಯಿಯ ಜಾಡಿ ತೆರೆದವಳು ಹಾಗೇ ನಿಂತುಬಿಟ್ಟಳು. ಖಾರದ ಮೇಲೆ ಮೊಸರನ್ನದ ಅಗುಳುಗಳು ತೇಲುತ್ತಿದ್ದವು. ಇಡೀ ಜಾಡಿ ಎಂಜಲು.

"ಅನೂಪ್, ಬಾ ಇಲ್ಲಿ. ನಿಮ್ಮ ಮಾವ ಬೆರಳು ನೆಕ್ಕಿ ಮತ್ತೆ ಜಾಡಿಗೇ ಅದ್ದಿದ್ದಾರೆ. ನಿನ್ನೆ ಸೋಫಾ ಮೇಲೆ ಕೂತು ಕಾಲುಗುರು ಕತ್ತರಿಸಿದ್ರು. ಒಂದು ಹಾರಿ ನನ್ನ ಕಾಫಿಗೆ ಬಿತ್ತು. ಹಲ್ಲಿನ ಸೆಟ್ಟು ಎಲ್ಲಿ ನೆನೆಹಾಕಿದ್ರು ಗೊತ್ತಾ? ನನ್ನ ಚಟ್ನಿ ಬಟ್ಟಲಲ್ಲಿ!"

"ಹ್ಞೂಂ," ಎಂದ ಗಂಡ. "ಬಿರುಕು ಇವತ್ತು ಇನ್ನೂ ಒಂದು ಗೇಣು ಇಳಿದಿದೆ, ನೋಡಿದ್ಯಾ?"

"ನಾನು ಮನುಷ್ಯರ ವಿಷಯ ಹೇಳಿದ್ರೆ ನೀನು ಗೋಡೆ ವಿಷಯ ಹೇಳ್ತೀಯ!"

ಚಿದಾನಂದ ಮಾವ ಬಂದದ್ದು ಹ್ಯಾಮಿಲ್ಟನ್‌ನಲ್ಲಿರುವ ಮಗಳು ಧನುಶ್ರೀಯ ಮನೆಗೆ. ಅಲ್ಲಿ ಉಂಡ ತಟ್ಟೆ ತಾವೇ ತೊಳೆಯಬೇಕಿತ್ತು. ಹಿಮ ನೋಡಿಕೊಂಡು ಬರುತ್ತೇನೆಂದು ವಾರದ ಮಟ್ಟಿಗೆ ದಕ್ಷಿಣಕ್ಕೆ, ಅನೂಪನ ಮನೆಗೆ ಹೊರಟರು. ಆಗ ಮಾರ್ಚ್. ಅಲ್ಲಿ ಚಳಿಗಾಲ ಶುರುವಾಗುವ ಜೂನ್‌ನಲ್ಲಿ ಹಿಮ ಬಿತ್ತು. ಮಾವ ಕಿಟಕಿಯಿಂದ ಇಣುಕಿ, "ಇಷ್ಟೇನಾ?" ಎಂದು ಮತ್ತೆ ಹೊದ್ದು ಮಲಗಿದರು.

"ಹೋಗಿ ಅಂತ ಹೇಳು. ಇಲ್ಲಾಂದ್ರೆ ನಾನೇ ಬಾಟನಿ ಡೌನ್ಸ್‌ಗೆ ಅಕ್ಕನ ಮನೆಗೆ ಹೋಗ್ತೀನಿ," ಎಂದಳು ಮಾನ್ಯ.

"ಓದಿಸಿದ ಮಾವ ಕಣೇ. ಹೋಗಿ ಅಂದ್ರೆ ಅಮ್ಮ ನನ್ನ ಜೊತೆ ಮಾತೇ ಬಿಡ್ತಾಳೆ. ಮೊದಲು ಈ ಗೋಡೆ ಕೆಲಸ ಮುಗಿಸ್ತೀನಿ. ಮಾತು ಕೊಡ್ತೀನಿ."

ಇಂಥ ಗಂಡನನ್ನು ಏನು ಮಾಡುವುದು? ಅವಳು ಸೆರಗಿಲ್ಲದ ಕಾರಣ ಶಾಲಿನಿಂದಲೇ ಮೂಗು ಮುಚ್ಚಿಕೊಂಡು ಅವನ ಹಿಂದೆಯೇ ಮಾವನ ಕೋಣೆಯ ಬಾಗಿಲವರೆಗೆ ಹೋದಳು. ಅದಕ್ಕಿಂತ ಒಳಗೆ ಅವಳು ಕಾಲಿಟ್ಟು ತಿಂಗಳುಗಳಾಗಿದ್ದವು. ಹೀಟರ್ ಮೇಲೆ ಕಾಲುಚೀಲಗಳು ಬೇಯುತ್ತಿದ್ದವು. ಸುಣ್ಣ ಬಳಿದ ಗೋಡೆಯಲ್ಲಿ ಸೂರಿನಿಂದ ಕಪ್ಪು ಬಿರುಕು ವಕ್ರವಾಗಿ ಇಳಿದಿತ್ತು.

"ಮುಟ್ಟಬೇಡಿ ಮಾವ, ಉದುರುತ್ತೆ," ಎನ್ನುತ್ತಿದ್ದ ಅನೂಪ್. "ಕಲ್ಲಿನ ಸಂದೀಲಿ ನೀರು ಹೆಪ್ಪುಗಟ್ಟಿದೆ. ಹೆಪ್ಪುಗಟ್ಟಿದ್ದು ಉಬ್ಬುತ್ತೆ. ಉಬ್ಬಿದ್ದು ಪಾಯಾನೇ ಎತ್ತುತ್ತೆ."

"ಬೇಸಿಗೇಲಿ ಮೇಸ್ತ್ರಿ ಪಾಯ ಬಿಚ್ಚಿ, ಚರಂಡಿ ತೋಡಿ, ಸಂದಿಗೆಲ್ಲ ಗಾರೆ ತುಂಬಿ ಹೋದನಲ್ಲ," ಎಂದಳು ಮಾನ್ಯ. "ಅವನನ್ನೇ ಕರೆಸು."

"ಬೇಡ, ನಾನೇ ಮಾಡ್ತೀನಿ."

"ನೀನಾ? ಬಲ್ಬ್ ಹಾಕೋಕೆ ಯೂಟ್ಯೂಬ್ ನೋಡೋನು!"

"ಒಳಗೆ ಸೇರ್ಕೊಂಡಿರೋ ತೇವ, ಮಾನ್ಯ. ಗುದ್ದಿ ತೆಗೆಯೋಕೆ ಹೋದ್ರೆ ಮನೇನೇ ಬೀಳುತ್ತೆ. ತಾನಾಗೇ ಹೊರಗೆ ಹೋಗೋ ಹಾಗೆ ಮಾಡಬೇಕು."

ಅವನು ಗಾರೆಗೆ ಶುರುಮಾಡಿದ. ಹಿಂದಿನವರ ಕ್ರಮವಂತೆ. ಬೆಲ್ಲದ ನೀರು, ಮೊಟ್ಟೆಯ ಬಿಳಿ, ಹಿಕ್ಕೆ ಅಂಟಿದ ಕುರಿ ಉಣ್ಣೆ ಎಲ್ಲವೂ ಒಂದು ಬಕೆಟ್‌ನಲ್ಲಿ ಕೊಳೆಯಬೇಕು. ಚಳಿಗೆ ಕೆಡುತ್ತದೆಂದು ಬಕೆಟ್ ಮಾವನ ಮಂಚದ ಪಕ್ಕಕ್ಕೇ ಬಂತು. ಪಕ್ಕದ ಮನೆಯ ಮುದುಕ ಬೇಲಿಯಾಚೆ ನಿಂತು ನಕ್ಕ. ಇಷ್ಟು ಹೆಪ್ಪುಗಟ್ಟುವ ಕಾಲದಲ್ಲಿ ಸುಣ್ಣದ ಕೆಲಸಕ್ಕೆ ಯಾರಾದರೂ ಕೈಹಾಕುತ್ತಾರೆಯೇ? ಅನೂಪ್ ಕೈ ಬೀಸಿ ಒಳಗೆ ಬಂದ.

ನಾಲ್ಕೇ ದಿನಕ್ಕೆ ಬಕೆಟ್ ನೊರೆಗಟ್ಟಿತು. ನಾತ ಪರದೆಗಳಿಗೆ, ದಿಂಬಿಗೆ, ಮಾನ್ಯಳ ಕೂದಲಿಗೆ ಹತ್ತಿತು. ಅವಳು ಸಿಂಕಿಗೆ ಬಗ್ಗಿ ವಾಂತಿ ಮಾಡಿಕೊಂಡಳು. ಮಾವ ಮಾತ್ರ ದೀರ್ಘವಾಗಿ ಉಸಿರೆಳೆದು, "ಆಹಾ, ನಮ್ಮೂರ ಆಲೆಮನೆ ಹಿತ್ತಲು ನೆನಪಾಗುತ್ತೆ ಕಣಮ್ಮ," ಎಂದರು. ತೇಗಿದರು.

ಮಾನ್ಯ ಸೂಟ್‌ಕೇಸ್ ಇಳಿಸಿದಳು. ಮಾವನ ಮೇಲಿನ ಹೇಸಿಗೆಗೆ ಒಂದು ಕೊನೆಯಾದರೂ ಇತ್ತು. ಗಂಡನ ಮೇಲಿನದಕ್ಕೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಬಿರುಕು ಮಾವನ ದಿಂಬಿನ ನೆತ್ತಿಗೆ ಬಂದು ನಿಂತಿತ್ತು.

"ಲೋ ಅನು, ಇದು ಯಾವಾಗ ಸರಿ ಹೋಗುತ್ತೋ?" ಮಾವ ಹೊದಿಕೆ ಎಳೆದುಕೊಂಡರು.

"ಇವತ್ತೇ ಮಾವ. ಗಾರೆ ತುಳೀಬೇಕು ಅಷ್ಟೆ. ಬರಿಗಾಲಲ್ಲಿ. ನನ್ನ ತೂಕ ಸಾಲದು, ನೀವಾದ್ರೆ ಹದ ಬರುತ್ತೆ. ಸಂಜೆವರೆಗೂ ತುಳಿದ್ರೆ ಸಾಕು. ನಾಳೆ ಇನ್ನೊಂದು ಬಕೆಟ್."

ಅಂಗಳದ ಹಿಮದ ಮೇಲೆ ಅವನು ಟಾರ್ಪಾಲು ಹಾಸಿಯೇ ಬಿಟ್ಟಿದ್ದ. ನಡುವೆ ಮರಳಿನ ಗುಡ್ಡೆ. ಮಾವ ಬಿರುಕು ನೋಡಿದರು. ಟಾರ್ಪಾಲು ನೋಡಿದರು. ಕೊನೆಗೆ ತಮ್ಮ ಪಾದಗಳನ್ನು ನೋಡಿಕೊಂಡರು.

"ಧನುಶ್ರೀಗೆ ಒಂದು ಫೋನ್ ಮಾಡಿಕೊಡಪ್ಪ. ಮೊಮ್ಮಗು ಕನಸಲ್ಲಿ ಬಂದಿತ್ತು."

"ಏನು ಮಾವ ಇದು! ಗೋಡೆ ಮುಗಿಯೋವರೆಗಾದ್ರೂ ಇರಿ," ಎಂದು ಅನೂಪ್ ಅವರ ಕೈ ಹಿಡಿದುಕೊಂಡ.

ಆ ಗಳಿಗೆಯಲ್ಲಿ ಮಾನ್ಯಳ ಕೈಗೆ ಲಟ್ಟಣಿಗೆ ಸಿಕ್ಕಿದ್ದರೆ ಕಥೆ ಬೇರೆ ದಾರಿ ಹಿಡಿಯುತ್ತಿತ್ತು.

ಮಾವ ಕೈ ಬಿಡಿಸಿಕೊಂಡರು. ಅನೂಪ್ ಅವರನ್ನು ಡನೀಡಿನ್‌ನಲ್ಲಿ ವಿಮಾನ ಹತ್ತಿಸಿ ಬರುವಷ್ಟರಲ್ಲಿ ಅವಳು ಬಕೆಟ್ಟನ್ನು ಹಿತ್ತಲಿಗೆ ಚೆಲ್ಲಿ, ಹಾಸಿಗೆ ಬಟ್ಟೆಯನ್ನೆಲ್ಲ ಕಸದ ಚೀಲಕ್ಕೆ ತುರುಕಿ, ಕಿಟಕಿಗಳನ್ನು ಪೂರ್ತಿ ತೆರೆದಿದ್ದಳು. ಕೋಣೆಗೆ ಮೊದಲ ಬಾರಿ ತಣ್ಣಗಿನ, ಶುದ್ಧವಾದ ಗಾಳಿ ಬಂತು.

"ಅವರೇನೋ ಪುಣ್ಯಕ್ಕೆ ತಾವಾಗೇ ಹೋದ್ರು," ಎಂದಳು, ಬಾಗಿಲಲ್ಲಿ ನಿಂತ ಗಂಡನಿಗೆ. "ಮಾತು ಕೊಟ್ಟಿದ್ದೆಯಲ್ಲ ಮಹಾ ಮೇಸ್ತ್ರಿ, ಈ ಗೋಡೆ ಕೆಲಸ ಯಾವತ್ತು ಮುಗಿಸ್ತೀಯ?"

"ಈಗಲೇ," ಎಂದ ಅನೂಪ್.

ಅಡುಗೆಮನೆಯಿಂದ ಒಂದು ಒದ್ದೆ ಬಟ್ಟೆ ತಂದು, ಮಂಚ ಹತ್ತಿ, ಬಿರುಕನ್ನು ಸೂರಿನಿಂದ ದಿಂಬಿನವರೆಗೆ ಒರೆಸಿಬಿಟ್ಟ.