ಇದ್ದವರ ನಕಲು

“ಕುರ್ಚಿಗಳನ್ನ ಗೋಡೆಗೆ ಸರಿಸಿ,” ಎಂದಳು ಆಕೆ, ತಲೆಗೆ ಸುತ್ತಿದ್ದ ಬಟ್ಟೆಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತ. ಊಟ ಮುಗಿದಿತ್ತು. ಆದರೂ ಯಾರೂ ಏಳಲಿಲ್ಲ. ಮಗ ಕಿಟಕಿಯತ್ತ ನೋಡಿದ. ಗಂಡ ಖಾಲಿ ಲೋಟದಿಂದ ನೀರು ಕುಡಿದ. ನಾದಿನಿ ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

“ಈ ಸಲ ನಕಲಾಟ ಬೇಡ ಅತ್ತಿಗೆ. ನಿಮಗೆ ಆಯಾಸ ಆಗುತ್ತೆ.”

“ಆಯಾಸ ಆಗೋದು ಮಾಡೋರಿಗೆ. ನಾನು ಕೂತ್ಕೊಂಡು ನಗೋಳು.”

ವರ್ಷದ ಕೊನೆಯ ರಜೆಗೆ ಎಲ್ಲರೂ ಸೇರಿದಾಗ ಊಟದ ಮೇಲೆ ಒಬ್ಬರನ್ನೊಬ್ಬರು ಅನುಕರಿಸುವ ಈ ಪದ್ಧತಿಯನ್ನು ಮನೆಗೆ ತಂದವಳೇ ಆಕೆ. ಹೊಸ ಸೊಸೆಯಾಗಿ ಬಂದ ವರ್ಷ, ಮಾವ ಪೇಪರು ಓದುತ್ತ ಪೇಪರಿಗೇ ಬೈಯುವುದನ್ನು ಮಾವನ ಮುಂದೆಯೇ ಮಾಡಿ ತೋರಿಸಿದ್ದಳು. ಮನೆಯವರೆಲ್ಲ ಉಸಿರು ಬಿಗಿ ಹಿಡಿದಿದ್ದರು. ನೋಡಿದರೆ ಮಾವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂದಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ. ಈಗ ಆರು ತಿಂಗಳಿಂದ ಮನೆಯ ಸದ್ದೇ ಅಡಗಿತ್ತು. ಕೀಮೋ ಶುರುವಾದದ್ದು ಆಕೆಗೆ, ಕಿಮಕ್ಕೆನ್ನದೆ ಕೂತದ್ದು ಉಳಿದವರು.

ಕೊನೆಗೂ ಕುರ್ಚಿಗಳು ಸರಿದವು. ಮಗ ಬಸ್ ಕಂಡಕ್ಟರ್ ಅಪ್ಪನಾಗಿ ಫ್ರಿಜ್ಜಿನ ಬಾಗಿಲು ತೆಗೆದು, “ಒಳಗೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ,” ಎಂದು ಪಾತ್ರೆಗಳನ್ನು ಗದರಿಸಿದ. ನಾದಿನಿ ಆ ಸೋದರಳಿಯನೇ ಆಗಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು, “ಈ ಮನೇಲಿ ತಿನ್ನೋಕೆ ಏನೂ ಇರಲ್ಲ,” ಎಂದು ಬಾಯಿ ತುಂಬ ತಿನ್ನುತ್ತಲೇ ಹೇಳಿದಳು. ಗಂಡ ತನ್ನ ತಂಗಿಯಾಗಿ, “ಬರ್ತೀನಿ” ಎಂದು ಹೊಸ್ತಿಲಲ್ಲಿ ನಿಂತು ಮೂರು ಮನೆಯ ಸಮಾಚಾರ ಹೇಳಿದ. ಅಷ್ಟಕ್ಕೆ ಸುತ್ತು ಮುಗಿಯಿತು. ಯಾರೂ ಇಳಿಯದ ಸ್ಟಾಪನ್ನು ಬಸ್ಸು ದಾಟುವ ಹಾಗೆ ಎಲ್ಲರೂ ತನ್ನನ್ನು ದಾಟಿಕೊಂಡು ಹೋದರೆಂದು ಆಕೆಗೆ ಗೊತ್ತಾಯಿತು.

“ನನ್ನದು?”

ಮಗ ಸೋದರತ್ತೆಯ ಮುಖ ನೋಡಿದ, ಅಪ್ಪನ ಮುಖ ನೋಡಿದ. ಆಮೇಲೆ ಎದ್ದು ಗುಂಡುಸೂಜಿಗಳ ಬದಲು ನಾಲ್ಕು ಬೆಂಕಿಕಡ್ಡಿಗಳನ್ನು ತುಟಿಯಲ್ಲಿ ಕಚ್ಚಿಕೊಂಡ. ಅಳತೆಯ ಟೇಪನ್ನು ಕೊರಳಿಗೆ ಹಾಕಿ, ಇಲ್ಲದ ಜಡೆಯನ್ನು ಬೆನ್ನಿಗೆ ಬೀಸಿ, ಕಡ್ಡಿಗಳ ಸಂದಿಯಿಂದಲೇ ಗೊಣಗಿದ: “ಉಸಿರು ಬಿಡಿ ಮೇಡಂ. ಹೊಟ್ಟೆ ಒಳಗೆ ಎಳ್ಕೊಂಡು ಅಳತೆ ಕೊಟ್ರೆ ಆಮೇಲೆ ಹೊಲಿಗೆ ಬಿಡುತ್ತೆ, ಬೈಯೋದು ನನಗೆ.” ಟೈಲರ್ ಅಮ್ಮ ಥೇಟ್ ಹಾಗೇ. ನಾದಿನಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಆಕೆ ನಗಲಿಲ್ಲ. “ಇದು ನಡೆಯಲ್ಲ.”

“ಯಾಕಮ್ಮ? ಹೋದ ವರ್ಷ ಇದಕ್ಕೇ ಚಪ್ಪಾಳೆ ಹೊಡೆದಿದ್ದೆ.”

“ಹೋದವರ ನಕಲು ಮಾಡೋ ಹಾಗಿಲ್ಲ.”

ಆಟಕ್ಕಿದ್ದ ನಿಯಮ ಅದೊಂದೇ. ಆಕೆಯ ಅತ್ತೆ ತೀರಿಕೊಂಡ ವರ್ಷ ನಾದಿನಿ ತಾಯಿಯಂತೆ ಕೆಮ್ಮಿ ತೋರಿಸಲು ಹೋಗಿ, ಇಡೀ ರಜೆ ಅಳುವಿನಲ್ಲಿ ಮುಗಿದಿತ್ತು. ಮಗನ ತುಟಿಯಿಂದ ಕಡ್ಡಿಗಳು ಉದುರಿದವು.

“ಜಡೆ ಇಲ್ಲ. ಬೆರಳು ಮರಗಟ್ಟಿ ಸೂಜಿ ನಿಲ್ಲಲ್ಲ. ಅವಳನ್ನ ಎಲ್ಲಿಂದ ಕರ್ಕೊಂಡು ಬಂದೆ? ಇಲ್ಲಿ ಕೂತಿರೋಳು ನಾನು. ನನ್ನನ್ನ ಮಾಡಿ.”

ಈಗ ಯಾರೂ ಏಳದಿದ್ದರೆ ತಾನು ಎದ್ದು ಹೋಗಿ ಮಲಗಬೇಕು, ಇವರೆಲ್ಲ ಸಂಜೆಯವರೆಗೆ ಪಿಸುಮಾತಿನಲ್ಲಿ ಕಳೆಯುತ್ತಾರೆ ಎಂದು ಆಕೆ ಲೆಕ್ಕ ಹಾಕುತ್ತಿದ್ದಾಗ ಕುರ್ಚಿ ಕಿರುಗುಟ್ಟಿತು. ಎದ್ದವನು ಗಂಡ. ಮದುವೆಯಾದಾಗಿನಿಂದ ಈ ಆಟದಲ್ಲಿ ಒಮ್ಮೆಯೂ ಹೆಂಡತಿಯ ತಂಟೆಗೆ ಹೋದವನಲ್ಲ.

ಅವನು ಕುರ್ಚಿಯನ್ನು ನಡುವಿಗೆ ತಂದು ಕೂತ. ತೊಡೆಯ ಮೇಲೆ ಕಾಣದ ತಟ್ಟೆ. ಒಂದು ತುತ್ತು ಬಾಯಿಗಿಟ್ಟು ಅಗಿದ, ಅಗಿದ, ಅಗಿಯುತ್ತಲೇ ಇದ್ದ. ಆಚೀಚೆ ನೋಡಿ ಉಳಿದದ್ದನ್ನು ಮೆಲ್ಲಗೆ ಪಕ್ಕದ ತಟ್ಟೆಗೆ ಸರಿಸಿ, ತುಂಬಿದ ಹೊಟ್ಟೆಯವರಂತೆ ಸುಳ್ಳು ತೇಗು ತೇಗಿದ. ಹೆಬ್ಬೆರಳಿನಿಂದ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ, ಸ್ಪರ್ಶ ಬಂತೇ ಎಂದು ನೋಡಿದ. ಆಮೇಲೆ ಕಿವಿಗೆ ಕೈಯಿಟ್ಟು, “ಹಲೋ, ಹೂಂ, ಚೆನ್ನಾಗಿದೀನಿ. ನಿಮ್ಮ ಮಂಡಿನೋವು ಹೇಗಿದೆ?” ಎಂದ. ಕಾಣದ ಫೋನನ್ನು ಕೆಳಗಿಟ್ಟು ಬಹಳ ಹೊತ್ತು ಗೋಡೆ ನೋಡುತ್ತ ಕೂತ.

ಯಾರೂ ನಗಲಿಲ್ಲ. ತಟ್ಟೆಯ ಕೆಲಸ ಯಾರ ಕಣ್ಣಿಗೂ ಬಿದ್ದಿಲ್ಲವೆಂದೇ ಆಕೆ ನಂಬಿದ್ದಳು. ಆಕೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ನಾದಿನಿ ಧಾವಿಸಿ ಬಂದರೆ, ಅದು ನಗು.

“ಗೊತ್ತಿದ್ದೂ ತಿಂತಿದ್ರಾ?”

“ಮತ್ತೆ? ಪ್ಯಾಂಟಿನ ಗುಂಡಿ ಹಾಕೋಕಾಗದೆ ಬೆಲ್ಟಲ್ಲಿ ಮಾನ ಉಳಿಸ್ಕೊಂಡಿದೀನಿ.”

ಈಗ ಕೋಣೆಯೆಲ್ಲ ನಕ್ಕಿತು. ಆಕೆ ಎದ್ದಳು. ಹಿಡಿಯಲು ಬಂದ ಮಗನಿಗೆ, “ಬಿಡೋ, ನಂಗೆ ಜಾಗ ಬೇಕು,” ಎಂದಳು. ನಡುವೆ ನಿಂತು ಭುಜ ಇಳಿಬಿಟ್ಟು ಹೊಟ್ಟೆ ಮುಂದೆ ಮಾಡಿದಳು. ಅಷ್ಟರಲ್ಲೇ ಗಂಡನಾಗಿಬಿಟ್ಟಿದ್ದಳು. ಕುರ್ಚಿಯ ಮೇಲಿದ್ದ ಟವೆಲನ್ನು ಹೆಗಲಿಗೆ ಹಾಕಿ, ತುದಿಗಾಲಲ್ಲಿ ನಡೆದು, ಇಲ್ಲದ ಬಚ್ಚಲ ಬಾಗಿಲಿಗೆ ಕಿವಿಯಿಟ್ಟಳು. ಒಳಗೆ ಯಾರೋ ವಾಂತಿ ಮಾಡುತ್ತಿದ್ದರು. ಒಂದೊಂದು ಸದ್ದಿಗೂ ಆಕೆಯ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬಾಗಿಲು ತಟ್ಟಲು ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಬೆಚ್ಚಿ ಹಿಂದೆ ಸರಿದು, ಹೆಗಲ ಮೇಲಿದ್ದ ಟವೆಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಥೇಟ್ ಗಂಡನ ದನಿಯಲ್ಲಿ ಹೇಳಿದಳು:

“ಏನಿಲ್ಲ, ಏನಿಲ್ಲ. ನನ್ನ ಟವೆಲ್ ಎಲ್ಲಿ ಹೋಯ್ತು ಅಂತ ಹುಡುಕ್ತಿದ್ದೆ.”