ಬಾಳಿಕೆ

ಆಯಿಲ್ ಬದಲಿಸಿ, ಬ್ರೇಕು ಪರೀಕ್ಷಿಸಿ ಮೆಕ್ಯಾನಿಕ್ ನಜೀರ್ ಬಾನೆಟ್ ಮುಚ್ಚಿದ.

"ಮುಂದಿನ ನೆಗ್ಗು ತೆಗ್ದುಬಿಡ್ಲಾ ಅಕ್ಕಾ?"

"ಅದನ್ನ ಮಾತ್ರ ಮುಟ್ಟಬೇಡ," ಎಂದಳು ಚಂದ್ರಮತಿ. "ಗಾಡಿ ಇನ್ನೆಷ್ಟು ವರ್ಷ ಓಡುತ್ತೆ?"

"ನೀವು ಹಿಂಗೇ ತಪ್ಪದೆ ಸರ್ವೀಸ್ ಮಾಡಿಸಿದ್ರೆ ನಮ್ಮಿಬ್ಬರಿಗಿಂತ ಜಾಸ್ತಿ ಬಾಳುತ್ತೆ."

"ಒಬ್ಬನಿಗಿಂತ ಜಾಸ್ತಿ ಬಾಳಿದ್ರೆ ಸಾಕು."

ಅಲ್ಲಿಂದ ಹೊರಟವಳು ಎಂದಿನಂತೆ ಬಡಾವಣೆಯ ಕೊನೆಯ ಮನೆಗೆ ಬಂದು, ಗೇಟಿನ ಎದುರಿಗೇ ಕಾರು ನಿಲ್ಲಿಸಿದಳು. ಇಳಿಯಲಿಲ್ಲ, ಹಾರ್ನ್ ಮಾಡಲಿಲ್ಲ. ಸ್ಟೀರಿಂಗ್ ಮೇಲೆ ಕೈಯಿಟ್ಟು ಮಹಡಿಯ ಕಿಟಕಿಯನ್ನೇ ನೋಡುತ್ತ ಕುಳಿತಳು.

ಕುಡಿದ ಮತ್ತಿನಲ್ಲಿ ಇದೇ ಕಾರನ್ನು ಅವಳ ಮಗಳ ಮೇಲೆ ಹರಿಸಿ, ಸಾಕ್ಷಿಯಿಲ್ಲವೆಂದು ಬಿಡುಗಡೆಯಾಗಿ, ಕಾರನ್ನು ಯಾರಿಗೋ ಮಾರಿ ನಿಶ್ಚಿಂತನಾಗಿದ್ದವನು ಪರದೆ ಸರಿಸಿ ನೋಡಿದ, ತಟ್ಟನೆ ಮತ್ತೆ ಎಳೆದುಕೊಂಡ.