ಫಿಲ್ಟರ್ ಸೋಸಿದ ದನಿ

ರೇಡಿಯೋ ರಿಪೇರಿಯವನ ಕೊನೆಯ ಬೆಸುಗೆ ಆರುವ ಮೊದಲೇ ಅವನ ಅಮ್ಮ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ದೂರದೂರಿನ ರೇಡಿಯೋ ನಿಲಯದಲ್ಲಿ ಅವನ ಅಕ್ಕ ಪದ್ಯ ಓದುವ ಹೊತ್ತಾಗಿತ್ತು. ಮೂರು ತಿಂಗಳಿಂದ ಅವಳ ದನಿ ನಡುಗುತ್ತಾ ಬರುತ್ತಿತ್ತು.

“ನಿನ್ನ ರೇಡಿಯೋಗೇ ಚಳಿಜ್ವರ ಕಣೋ. ಅವಳು ಗುಂಡುಕಲ್ಲಿನ ಹಾಗಿದ್ದೀನಿ ಅಂತ ಬರೆದಿದ್ದಾಳಲ್ಲ!”

“ಪಕ್ಕದ ಸ್ಟೇಷನ್ ನುಗ್ಗುತ್ತಮ್ಮ. ಈ ಫಿಲ್ಟರು ಅಕ್ಕನ್ನ ಮಾತ್ರ ಒಳಗೆ ಬಿಡುತ್ತೆ, ನೋಡ್ತಿರು.”

ಲೋಹ ತಾಗಿದರೆ ಹದ ಕೆಡುತ್ತದೆಂದು, ತುದಿ ಕೆತ್ತಿದ ಮರದ ಕಡ್ಡಿಯಿಂದ ಅವನು ಫಿಲ್ಟರಿಗೆಂದು ತಾನೇ ಸುತ್ತಿದ ತಂತಿಸುರುಳಿಗಳ ನಡುವಿನ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಗದ್ದಲ ಅಡಗಿತು. ಪಕ್ಕದ ನಿಲಯದ ಹಾಡು ಮುಳುಗಿತು. ಅಕ್ಕ ಎದುರಿಗೇ ಕೂತು ಓದಿದಂತೆ ಒಂದೊಂದು ಅಕ್ಷರವೂ ಕೇಳಿತು. ಸಾಲಿನ ನಡುವೆ ಅವಳು ಉಸಿರಿಗಾಗಿ ನಿಂತದ್ದೂ ಕೇಳಿತು. ಸಾಲನ್ನು ಮತ್ತೆ ಎತ್ತಿಕೊಂಡಾಗ ದನಿ ಮೊದಲಿನಂತೆಯೇ ನಡುಗುತ್ತಿತ್ತು.

ಅಮ್ಮ ಅವನ ಮುಖ ನೋಡಲಿಲ್ಲ. “ಇನ್ನೊಂಚೂರು ತಿರುಗಿಸು ಮಗಾ,” ಎಂದಳು.

ತಿರುಗಿಸಲು ಇನ್ನೇನೂ ಉಳಿದಿರಲಿಲ್ಲ. ಅವನು ಕಡ್ಡಿಯನ್ನು ತಿರುಪಿನ ಮೇಲಿಟ್ಟು, ತಿರುಗಿಸುವವನ ಹಾಗೆ ಸುಮ್ಮನೆ ಹಿಡಿದುಕೊಂಡ, ಪದ್ಯ ಮುಗಿಯುವವರೆಗೂ.